ಕಾಚಂಪುಳಿಯ ನಕಲಿಗೆ ಬೂಷ್ಟು ಬಂದ ಮಳೆಗಾಲ

ನಾನು ಬಹಳ ಜನರ ನಕಲು ಮಾಡಿದ್ದೇನೆ. ಶನಿವಾರಸಂತೆ ಕಡೆಯ ನಮ್ಮೂರಿನ ಬಸ್ ಕಂಡಕ್ಟರು, ಹೈಸ್ಕೂಲಿನ ಹೆಡ್‌ಮಾಸ್ಟರು, ಸೋದರಮಾವ, ಸೋದರಮಾವನ ಜೀಪು, ಎಲ್ಲರೂ ನನ್ನ ಗಂಟಲಲ್ಲೇ ವಾಸ. ಎಂ.ಫಾರ್ಮ್ ಮುಗಿಸಿ ಕಾಲೇಜೊಂದರ ಔಷಧಶಾಸ್ತ್ರ ವಿಭಾಗಕ್ಕೆ ಸಂಶೋಧನಾ ಸಹಾಯಕನಾಗಿ ಸೇರಿದ ತಿಂಗಳಲ್ಲೇ ವಿಭಾಗದ ಮುಖ್ಯಸ್ಥೆಯೂ ಆ ಗಂಟಲಿಗೆ ಬಂದು ಸೇರಿಕೊಂಡರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಹೊಟ್ಟೆಹುಣ್ಣಿನ ಔಷಧಗಳ ಪಾಠದಲ್ಲಿ ಅವರ ಕೆಲಸದ ಬಗ್ಗೆ ಎರಡು ಸಾಲು ಓದಿಯೇ ನಾವು ಪರೀಕ್ಷೆ ಪಾಸಾದವರು. ಅಷ್ಟು ದೊಡ್ಡವರ ನಕಲು ಮಾಡುವುದು ಬಹಳ ಸುಲಭ. ಯಾರು ಏನು ವರದಿ ಒಪ್ಪಿಸಿದರೂ ಕನ್ನಡಕ ಹಣೆಗೇರಿಸಿ, ‘ಹ್ಞೂಂ’ ಎಂದು ಎಳೆದು, ‘ಗೊತ್ತಿರೋದು ಆಯ್ತು. ಗೊತ್ತಿಲ್ಲದ್ದು ಏನು?’ ಎಂದು ಕೇಳುತ್ತಿದ್ದರು. ಕ್ಯಾಂಟೀನಿನಲ್ಲಿ ನಾನು ಇದನ್ನು ಮಾಡಿದರೆ ಇಡ್ಲಿ ತಿನ್ನುತ್ತಿದ್ದವರು ಎದ್ದು ನಿಲ್ಲುತ್ತಿದ್ದರು.

ಮೇಡಂಗೆ ನಿವೃತ್ತಿ ಇದ್ದದ್ದು ಆ ಡಿಸೆಂಬರಿಗೆ. ಅದಕ್ಕೆ ಮೊದಲು ಮುಗಿಸಬೇಕೆಂದು ಒಂದು ಅಧ್ಯಯನ ಹಿಡಿದಿದ್ದರು. ಕೊಡಗಿನ ಕಾಚಂಪುಳಿ, ಅಂದರೆ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಸಿ, ತೊಟ್ಟಿಕ್ಕಿದ ರಸವನ್ನು ಒಲೆಯ ಮೇಲೆ ಕಪ್ಪಾಗುವವರೆಗೆ ಬತ್ತಿಸಿದ ಹುಳಿ, ಊಟಕ್ಕೆ ಮೊದಲು ಒಂದು ಚಮಚ ನೀರಿನಲ್ಲಿ ಕುಡಿದರೆ ಊಟದ ನಂತರದ ರಕ್ತದ ಸಕ್ಕರೆ ಇಳಿಯುತ್ತದೆಯೋ ಇಲ್ಲವೋ ನೋಡುವುದು. ಅಮ್ಮತ್ತಿ ಸುತ್ತಲಿನ ನಲವತ್ತು ಜನ ಒಪ್ಪಿದ್ದರು. ಎಲ್ಲರೂ ಸಕ್ಕರೆ ಕಾಯಿಲೆಯ ಗಡಿಯಲ್ಲಿ ನಿಂತವರು, ಮಾತ್ರೆ ಶುರು ಮಾಡದವರು. ಅರ್ಧ ಜನರಿಗೆ ಅಸಲಿ, ಅರ್ಧ ಜನರಿಗೆ ಅದರಂತೆಯೇ ಕಾಣುವ ನಕಲಿ. ಯಾರಿಗೆ ಯಾವುದೆಂದು ಕುಡಿಯುವವರಿಗೂ ಗೊತ್ತಾಗಬಾರದು, ಅಳೆಯುವ ನಮಗೂ ಗೊತ್ತಾಗಬಾರದು. ಬಾಟಲಿಗೆ ನಂಬರು ಹಚ್ಚಿ, ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಕಾಲೇಜಿನ ಫಾರ್ಮಸಿಸ್ಟರ ಕೆಲಸ.

ನಕಲಿ ತಯಾರಿಸುವುದು ಯಾರೆಂಬ ಪ್ರಶ್ನೆ ಬಂದಾಗ ಮೇಡಂ ನನ್ನ ಕಡೆ ತಿರುಗಿದರು.

‘ನೀವೇ ಮಾಡಿ. ನಿಮಗೆ ಅಭ್ಯಾಸ ಇದೆಯಂತಲ್ಲ.’

ಕ್ಯಾಂಟೀನಿನ ಸುದ್ದಿ ಮೇಲಿನ ಮಹಡಿಗೂ ಮುಟ್ಟಿದೆಯೆಂದು ಗೊತ್ತಾದದ್ದು ಆಗಲೇ.

ತೊಂದರೆ ಏನೆಂದರೆ ಕಾಚಂಪುಳಿಗೆ ಜನ್ಮಸಾರ್ಥಕವಾಗುವುದು ಹಂದಿ ಸಾರಿನಲ್ಲಿ. ನಾನೋ ಕೊರಳಿಗೆ ಲಿಂಗ ಕಟ್ಟಿದ ಮನೆಯವನು. ಮೇಡಂ ಮಡಿಕೇರಿಯ ಪುರೋಹಿತರ ಮನೆ ಮಗಳು. ಆ ಹುಳಿಯ ಬಗ್ಗೆ ಇಡೀ ಜಿಲ್ಲೆಯಲ್ಲೇ ಅತಿ ಕಡಿಮೆ ತಿಳಿದ ಇಬ್ಬರು ಅದರ ಮೇಲೆ ಸಂಶೋಧನೆಗೆ ಇಳಿದಿದ್ದೆವು. ಹಾಗಾಗಿ ರುಚಿಗೆ ಕ್ಯಾಂಟೀನಿನ ಅಡುಗೆಯ ಅಕ್ಕನನ್ನು ಹಿಡಿದೆ. ಆಕೆ ಅಮ್ಮತ್ತಿ ಕಡೆಯ ಕೊಡವರ ಹೆಂಗಸು, ಬೈಯದೆ ಮಾತಾಡಲು ಬಾರದವಳು.

ಮೇಡಂ ಷರತ್ತು ಒಂದೇ: ಹುಳಿ ನಾಲಿಗೆಗೆ ಗೊತ್ತಾಗಬೇಕು, ಹೊಟ್ಟೆಗೆ ಗೊತ್ತಾಗಬಾರದು. ಆಮ್ಲವೇ ಸಕ್ಕರೆಯನ್ನು ಇಳಿಸಬಹುದೆಂಬ ಅನುಮಾನ ಇರುವಾಗ ನಕಲಿಯಲ್ಲೂ ಅಷ್ಟೇ ಆಮ್ಲ ಹಾಕಿದರೆ ಹೋಲಿಕೆಗೆ ಅರ್ಥವಿಲ್ಲ. ಹಾಗಾಗಿ ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಒಂದು ಚಿಟಿಕೆ, ಒಗರಿಗೆ ಗಟ್ಟಿ ಟೀ ಡಿಕಾಕ್ಷನ್, ಬಣ್ಣಕ್ಕೆ ಸುಟ್ಟ ಸಕ್ಕರೆ, ಮಂದಕ್ಕೆ ಗೋಂದು, ವಾಸನೆಗೆ ತೆಂಗಿನ ಚಿಪ್ಪಿನ ಹೊಗೆ. ಕೆಡದಂತೆ ಸೋಡಿಯಂ ಬೆಂಜೋಯೇಟ್.

ಅಕ್ಕ ಮೊದಲ ಬ್ಯಾಚನ್ನು ಬಾಯಿಗಿಟ್ಟು ಸಿಂಕಿನ ಕಡೆ ನಡೆದಳು.

‘ಎಂತದಿದು? ಟೀಗೆ ಹುಷಾರಿಲ್ಲದ ಹಾಗೆ ಉಂಟು.’

ಐದನೆಯದಕ್ಕೆ, ‘ಹತ್ತಿರ ಬಂತು. ಆದ್ರೆ ಕೊನೆಗೆ ನಾಲಿಗೆಯ ತುದಿ ಚುರ್ ಅಂತದೆ. ನಮ್ಮ ಹುಳಿ ಹಾಗೆ ಮಾಡುದಿಲ್ಲ’ ಎಂದಳು.

ಆ ಚುರ್ ಬೆಂಜೋಯೇಟಿನದು. ಅರ್ಧ ಮಾಡಿದೆ, ಅವಳಿಗೆ ಗೊತ್ತಾಯಿತು. ಕಾಲು ಮಾಡಿದೆ, ಆಗಲೂ ಗೊತ್ತಾಯಿತು. ಒಂಬತ್ತನೆಯ ಬ್ಯಾಚಿನಲ್ಲಿ ಅದನ್ನು ಹೆಸರಿಗೆ ಮಾತ್ರ ಉಳಿಸಿದೆ. ಅಕ್ಕ ಅಸಲಿಯದು, ನಕಲಿಯದು ಎರಡು ಲೋಟವನ್ನೂ ಕುಡಿದು, ಮತ್ತೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ಯಾವುದು ನಮ್ದು?’

ಆ ಪ್ರಶ್ನೆ ಕೇಳಿದಾಗ ನನಗಾದ ಸಂತೋಷ ಎಂ.ಫಾರ್ಮ್ ಫಲಿತಾಂಶದ ದಿನವೂ ಆಗಿರಲಿಲ್ಲ. ಸೋದರಮಾವನ ಜೀಪಿನ ಸದ್ದು ತೆಗೆದಾಗ ಅತ್ತೆ ಬಾಗಿಲು ತೆರೆದು ಬಂದಿದ್ದರಲ್ಲ, ಆ ಸಾಲಿಗೆ ಸೇರುವ ಗೆಲುವು ಅದು. ಮೊಹರು ಮಾಡಿದ ಬಾಟಲಿಗಳನ್ನು ಬಿಸಿ ಮತ್ತು ತೇವದ ಪೆಟ್ಟಿಗೆಯಲ್ಲಿ ಒಂದು ತಿಂಗಳು ಇಟ್ಟೆ. ಏನೂ ಆಗಲಿಲ್ಲ. ತಯಾರಿಕೆಯ ಹಾಳೆಯಲ್ಲಿ ಬೆಂಜೋಯೇಟಿನ ಪ್ರಮಾಣ ಇದ್ದದ್ದು ಇದ್ದ ಹಾಗೆ ಬರೆದೆ. ಮೇಡಂ ಸಹಿ ಹಾಕಿದರು.

ಜೂನಿನಲ್ಲಿ ಬಾಟಲಿಗಳು ಅಮ್ಮತ್ತಿಗೆ ಹೋದವು.

ಅಲ್ಲಿ ಒಬ್ಬರು ಅಜ್ಜಿ ಇದ್ದರು. ಐವತ್ತು ವರ್ಷದಿಂದ ಮನೆಯ ಹಿಂದೆ ಕಾಚಂಪುಳಿ ಬತ್ತಿಸುತ್ತಿದ್ದವರು. ಅವರ ಪಕ್ಕದ ಮನೆಯಲ್ಲಿ ಎಸ್ಟೇಟಿನಲ್ಲಿ ರೈಟರಾಗಿ ಹಾಜರಿ ಬರೆದು ನಿವೃತ್ತರಾದ ಅಂಕಲ್. ಇಬ್ಬರೂ ನಮ್ಮ ನಲವತ್ತರಲ್ಲಿ ಸೇರಿದ್ದರು. ಅಜ್ಜಿ ಮೊದಲ ದಿನವೇ ತಮ್ಮ ಬಾಟಲಿಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿ, ಬೇಲಿಯಾಚೆಗೆ ತೀರ್ಪು ಕೊಟ್ಟರು.

‘ನಂದು ಅಸಲಿ. ರೈಟರೇ, ನಿಮ್ಮದು ಡೂಪ್ಲಿಕೇಟ್.’

‘ಆಗಲಿ ಬಿಡಿ, ನಿಮ್ಮಂಥವರ ಪಕ್ಕದಲ್ಲಿ ನಾನೂ ಡೂಪ್ಲಿಕೇಟೇ’ ಎಂದರು ರೈಟರ್ ಅಂಕಲ್.

‘ಅಜ್ಜಿ, ಅದನ್ನ ಊಹಿಸಬಾರದು’ ಎಂದೆ ನಾನು.

‘ನಾನೆಂತಕ್ಕೆ ಊಹಿಸುದು ಮೋನೆ? ನಂಗೆ ಗೊತ್ತುಂಟು.’ ಮೋನೆ ಎಂದರೆ ಕೊಡವರಲ್ಲಿ ಮಗನೆ ಎಂದು. ಅಜ್ಜಿಗೆ ಅರವತ್ತರ ರೈಟರನ್ನು ಬಿಟ್ಟು ಉಳಿದ ಗಂಡಸರೆಲ್ಲ ಮೋನೆಯೇ.

ಹದಿನೆಂಟನೆಯ ದಿನ ಅವರ ಫೋನು ಬಂತು. ಹೊರಗೆ ಮಳೆ, ಒಳಗೆ ನನ್ನ ಕಾಲುಚೀಲ ಲ್ಯಾಬಿನ ಹೀಟರಿನ ಮೇಲೆ.

‘ಮೋನೆ, ನಿನ್ನ ಬಾಟಲಿಗೆ ಗಡ್ಡ ಬಂದುಂಟು.’

‘ಏನು ಬಂದಿದೆ?’

‘ಗಡ್ಡ. ಬಿಳೀದು. ನಿನಗಿಂತ ಮೊದಲು ಅದಕ್ಕೆ ಬಂತು.’

‘ನೀವು ಅದನ್ನ ಕುಡಿದ್ರಾ?’

‘ಕುಡೀಲಿಕ್ಕೆ ನಾನೆಂತ ಪೆದ್ದಿಯಾ? ಮೂರು ದಿನ ಆಯ್ತು ಮುಟ್ಟದೆ.’

ಸ್ಕೂಟರಿನಲ್ಲಿ ಹೋದೆ. ಅಜ್ಜಿ ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದರು. ಕಪ್ಪು ದ್ರವದ ಮೇಲೆ ಬೆರಳು ದಪ್ಪ ಬಿಳಿ ಬೂಷ್ಟು. ಪಕ್ಕದಲ್ಲಿ ಒಂದು ಸ್ಟೀಲ್ ಚಮಚ. ಕುಡಿಯದಿದ್ದರೂ ರೂಢಿಯಂತೆ ಆಗಷ್ಟೇ ತೊಳೆದಿಟ್ಟದ್ದು, ತುದಿಯಲ್ಲಿ ನೀರಿನ ಹನಿ. ಆ ಹನಿಯನ್ನು ನೋಡುತ್ತ ನಿಂತೆ. ಚಿಕ್ಕವನಿದ್ದಾಗ ನಾನು ಒದ್ದೆ ಚಮಚವನ್ನು ಮಾವಿನಮಿಡಿ ಜಾಡಿಗೆ ಹಾಕಿ ಅಮ್ಮನಿಂದ ಅದೇ ಚಮಚದಲ್ಲಿ ಮೊಣಕೈಗೆ ತಿಂದಿದ್ದೆ. ಉಪ್ಪಿನಕಾಯಿ ಮನೆಯಲ್ಲಿ ಬೆಳೆದು, ಔಷಧ ತಯಾರಿಕೆಯಲ್ಲಿ ಎರಡು ವರ್ಷ ಓದಿ, ಬಾಟಲಿಯನ್ನು ಜನ ತೆರೆಯುತ್ತಾರೆ ಎಂಬುದನ್ನೇ ಮರೆತಿದ್ದೆ. ನನ್ನ ಪರೀಕ್ಷೆಯೆಲ್ಲ ಮೊಹರು ಮಾಡಿದ ಬಾಟಲಿಯ ಮೇಲೆ. ಇಲ್ಲಿ ಜುಲೈ ತಿಂಗಳು, ದಿನಾ ಮುಚ್ಚಳ ತೆರೆಯುವುದು, ದಿನಾ ಒದ್ದೆ ಚಮಚ. ಸುಟ್ಟ ಸಕ್ಕರೆಯೂ ಗೋಂದೂ ಬೂಷ್ಟಿಗೆ ಹಬ್ಬದೂಟ. ಬೆಂಜೋಯೇಟಿಗೆ ಹುಳಿ ಜಾಸ್ತಿಯಿದ್ದರೆ ಬಲ. ನಮ್ಮ ನಕಲಿಯಲ್ಲಿ ಹುಳಿಯೇ ಕಡಿಮೆ, ಇದ್ದ ಬೆಂಜೋಯೇಟನ್ನೂ ಚಪ್ಪಾಳೆಯ ಆಸೆಗೆ ನಾನು ತೆಗೆದಿದ್ದೆ.

‘ಕಾಚಂಪುಳಿಗೆ ಗಡ್ಡ ಬರುದಿಲ್ಲ,’ ಅಜ್ಜಿ ನಿಧಾನವಾಗಿ ಹೇಳಿದರು. ‘ನನ್ನ ಅತ್ತೆ ಬತ್ತಿಸಿದ್ದು ಇನ್ನೂ ಜಾಡಿಯಲ್ಲಿ ಉಂಟು, ಒಂದು ಕೂದಲಿಲ್ಲ. ಹಾಗಾದ್ರೆ ನಂದೇ ಡೂಪ್ಲಿಕೇಟ್.’

ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

‘ನನ್ನ ನಾಲಿಗೆಗೇ ಟೋಪಿ ಹಾಕಿದೆಯಲ್ಲ ನೀನು.’

ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲೂ ನನಗೆ ಒಳಗೊಳಗೆ ಖುಷಿಯಾಯಿತು. ಬೇಲಿಯಾಚೆ ರೈಟರ್ ಅಂಕಲ್ ತಮ್ಮ ಬಾಟಲಿಯನ್ನು ಎತ್ತಿ ಹಿಡಿದರು. ಸ್ವಚ್ಛ. ಬಾಟಲಿಗೆ ಒಂದು ನಮಸ್ಕಾರ ಮಾಡಿದರು.

ಅಲ್ಲಿಂದ ಇನ್ನೂ ಆರು ಮನೆಗೆ ಹೋದೆ. ಮೂರರಲ್ಲಿ ಗಡ್ಡ, ಮೂರರಲ್ಲಿ ಇಲ್ಲ. ಅಮ್ಮತ್ತಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಹಿಡಿದು ಕೂತು ಯೋಚಿಸಿದೆ. ದಾರಿ ಸುಲಭವಿತ್ತು. ‘ಮಳೆಗಾಲದ ಕಾರಣ ಎಲ್ಲ ಬಾಟಲಿ ಬದಲಾಯಿಸುತ್ತಿದ್ದೇವೆ’ ಎಂದು ನಲವತ್ತನ್ನೂ ವಾಪಸು ತಂದು, ಬೆಂಜೋಯೇಟ್ ಹಾಕಿದ ಹೊಸದನ್ನು ಕೊಟ್ಟರೆ ಮುಗಿಯಿತು. ಅಧ್ಯಯನ ಸೆಪ್ಟೆಂಬರಿಗೆ ಮುಗಿಯುತ್ತದೆ, ಮೇಡಂ ತಮ್ಮ ಕೊನೆಯ ಕೆಲಸವನ್ನು ಕೈಯಲ್ಲಿ ಹಿಡಿದು ಡಿಸೆಂಬರಿನಲ್ಲಿ ಮನೆಗೆ ಹೋಗುತ್ತಾರೆ. ಆದರೆ ಎಂಟು ಮನೆಗಳಲ್ಲಿ ಯಾವುದು ಯಾವುದೆಂದು ನನಗೆ ಆಗಲೇ ಗೊತ್ತಾಗಿತ್ತು. ಬಾಟಲಿ ಅಳೆಯುವವನೂ ನಾನೇ, ಅವರ ಊಟದ ಡೈರಿ ಓದಿ ಗುರುತು ಹಾಕುವವನೂ ನಾನೇ. ಅಸಲಿ ಕುಡಿದವರ ಡೈರಿ ಓದುವಾಗ ನನ್ನ ಪೆನ್ನು ಒಂದು ಕೂದಲಿನಷ್ಟು ಉದಾರಿಯಾಗಿಬಿಡುತ್ತದೆ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತು. ಹೇಳಿದರೋ, ಎಲ್ಲ ನಿಲ್ಲುತ್ತದೆ. ಒಂದೇ ಒಲೆಯಲ್ಲಿ ತಯಾರಾದ ಅಸಲಿ ಹುಳಿ ಮತ್ತೊಮ್ಮೆ ಶುರು ಮಾಡುವಷ್ಟು ಉಳಿದಿರಲಿಲ್ಲ. ಈ ವರ್ಷದ ಹಣ್ಣಿಗೆ ಕಾಯಬೇಕು. ಅದು ಹುಳಿಯಾಗುವಷ್ಟರಲ್ಲಿ ಮೇಡಂ ನಿವೃತ್ತಿ ಬಂದಿರುತ್ತದೆ.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬನೇ ಅಭ್ಯಾಸ ಮಾಡಿದೆ. ತಕ್ಕಡಿಯ ಎಡಕ್ಕೆ ನಿಂತರೆ ನಾನು, ಬಲಕ್ಕೆ ನಿಂತರೆ ಮೇಡಂ.

‘ಮೇಡಂ, ಒಂದು ತಪ್ಪಾಗಿದೆ.’

ಬಲಕ್ಕೆ ಹೋಗಿ, ಇಲ್ಲದ ಕನ್ನಡಕ ಹಣೆಗೇರಿಸಿದೆ. ‘ಹ್ಞೂಂ... ಗೊತ್ತಿರೋದು ಆಯ್ತು. ಗೊತ್ತಿಲ್ಲದ್ದು ಏನು?’

‘ಇದನ್ನ ನಿಮಗೆ ಹೇಳಬೇಕೋ ಬೇಡವೋ ಅಂತ ಗೊತ್ತಿಲ್ಲ ಮೇಡಂ.’

‘ನಾನು ಹ್ಞೂಂ ಅನ್ನೋದು ಅಷ್ಟು ಉದ್ದ ಇಲ್ಲ’ ಎಂಬ ಮಾತು ಬಾಗಿಲಿನಿಂದ ಬಂತು.

ಮೇಡಂ ಕೊಡೆ ಮಡಚಿ ಮೂಲೆಗಿಟ್ಟರು. ಸ್ಟೂಲು ಎಳೆದು ಕೂತರು. ‘ಎಡಗಡೆಯವರು ಮುಂದುವರಿಸಲಿ.’

ಹೇಳಿದೆ. ಚಮಚ, ಬೂಷ್ಟು, ಎಂಟು ಮನೆ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಹೊಸೆದ ಸುಲಭದ ದಾರಿ, ಅದನ್ನೂ ಹೇಳಿದೆ. ಯಾರ ದನಿಯನ್ನೂ ಎರವಲು ಪಡೆಯದೆ ಅಷ್ಟುದ್ದ ಮಾತಾಡಿದ್ದು ಬಹುಶಃ ಅದೇ ಮೊದಲು. ದನಿ ತೀರ ಸಾಧಾರಣವಾಗಿತ್ತು.

ಅವರು ತಯಾರಿಕೆಯ ಹಾಳೆ ತರಿಸಿ ನೋಡಿದರು. ಬೆರಳು ಬೆಂಜೋಯೇಟಿನ ಸಾಲಿನ ಮೇಲೆ ನಿಂತಿತು, ಆಮೇಲೆ ಕೆಳಕ್ಕೆ ಇಳಿಯಿತು.

‘ಸಹಿ ನನ್ನದೇ. ಓದದೆ ಹಾಕಿದ್ದೇನೆ. ರುಚಿ ಸರಿಹೋಯ್ತು ಅಂತ ನಿಮ್ಮ ಮುಖ ನೋಡಿ ಹಾಕಿಬಿಟ್ಟೆ.’

ಫೋನ್ ತೆಗೆದು ಮೊದಲು ನಮ್ಮ ಅಧ್ಯಯನದ ವೈದ್ಯರಿಗೆ ಹೇಳಿದರು: ಯಾರೂ ಇನ್ನು ಕುಡಿಯಬಾರದು, ಗಡ್ಡ ಬಂದದ್ದನ್ನು ಯಾರಾದರೂ ಕುಡಿದಿದ್ದರೆ ಇವತ್ತೇ ಪರೀಕ್ಷಿಸಬೇಕು. ಇಬ್ಬರು ಮೇಲಿನದನ್ನು ತೆಗೆದು ಕೆಳಗಿನದನ್ನು ಕುಡಿದಿದ್ದರೆಂದೂ, ಅವರಿಗೆ ಏನೂ ಆಗಿಲ್ಲವೆಂದೂ ಸಂಜೆ ತಿಳಿದ ಮೇಲೆಯೇ ನಾನು ಊಟ ಮಾಡಿದ್ದು. ಆಮೇಲೆ ಮೇಡಂ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದ್ದ ನೈತಿಕ ಸಮಿತಿಗೆ ಕಾಗದ ಬರೆದರು. ‘ಅಧ್ಯಯನ ನಿಲ್ಲಿಸಿದ್ದೇವೆ, ಈವರೆಗಿನ ಯಾವ ಅಂಕಿಯನ್ನೂ ಬಳಸುವುದಿಲ್ಲ, ತಪ್ಪು ತಯಾರಿಕೆಯದು, ಹೊಣೆ ನನ್ನದು.’ ನಾಲ್ಕೇ ಸಾಲು.

‘ಮೇಡಂ, ಡಿಸೆಂಬರ್?’ ಎಂದೆ.

‘ಡಿಸೆಂಬರ್ ಬರುತ್ತೆ. ಅದಕ್ಕೇನು.’ ಕಾಗದವನ್ನು ಲಕೋಟೆಗೆ ಹಾಕುತ್ತ ಹೇಳಿದರು: ‘ನಿಮ್ಮ ವಯಸ್ಸಿನಲ್ಲಿ ನಾನು ಒಂದು ಬೇರು ಇಲಿಗಳ ಹೊಟ್ಟೆಹುಣ್ಣು ವಾಸಿ ಮಾಡುತ್ತೆ ಅಂತ ಬರೆದೆ. ಎಲ್ಲ ಕಡೆ ಕರೆದ್ರು, ಶಾಲು ಹೊದಿಸಿದ್ರು. ಎರಡು ವರ್ಷ ಆದ ಮೇಲೆ ನನ್ನ ವಿದ್ಯಾರ್ಥಿನಿ ಅದನ್ನೇ ಮತ್ತೆ ಮಾಡಿದ್ರೆ ಆ ಫಲಿತಾಂಶ ಬರಲೇ ಇಲ್ಲ. ಹುಡುಕಿದ್ರೆ, ಔಷಧ ಕೊಡದ ಇಲಿಗಳ ಪಂಜರ ನಾನು ಬಾಗಿಲ ಹತ್ತಿರ ಇಟ್ಟಿದ್ದೆ. ಚಳಿಗಾಳಿ. ಹುಣ್ಣು ಜಾಸ್ತಿಯಾದದ್ದು ಚಳಿಗೆ. ಬೇರು ಏನೂ ಮಾಡಿರಲಿಲ್ಲ.’

‘ಆಮೇಲೆ?’

‘ಪತ್ರಿಕೆಗೆ ಬರೆದು ವಾಪಸು ತಗೊಂಡೆ. ಶಾಲು ಹೊದಿಸಿದವರು ಮಾತು ಬಿಟ್ರು. ಆದ್ರೆ ಕೆಲಸಕ್ಕೆ ಕರೆದವರೆಲ್ಲ ಆ ಎರಡನೇ ಕಾಗದ ಓದಿದವರೇ. ಪಂಜರ ಎಲ್ಲಿಡಬೇಕು ಅಂತ ಬರೆದದ್ದಿದೆಯಲ್ಲ, ನೀವು ಪರೀಕ್ಷೆಗೆ ಓದಿದ ಎರಡು ಸಾಲು, ಅದು.’

ನಾನು ಆ ಎರಡು ಸಾಲನ್ನು ಬಾಯಿಪಾಠ ಮಾಡಿದ್ದೆ. ಅದರ ಹಿಂದೆ ಒಂದು ಬಾಗಿಲಿದೆಯೆಂದು ಯಾರೂ ಹೇಳಿರಲಿಲ್ಲ.

ವಾರದ ಮೇಲೆ ಅಮ್ಮತ್ತಿಯ ಒಂದು ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ಮೇಡಂ ವಿಷಯ ಹೇಳಿದರು. ನಾನು ತಪ್ಪೊಪ್ಪಿಕೊಂಡೆ. ಜನ ಕೋಪ ಮಾಡಿಕೊಳ್ಳಲಿಲ್ಲ. ಹಿಂದಿನ ಸಾಲಿನ ಒಬ್ಬರು ಎದ್ದು ನಿಂತರು.

‘ನಂದು ಗಡ್ಡದ್ದು. ಆದ್ರೆ ಅದು ಕುಡಿದ ಮೇಲೆ ಮೈ ಬಹಳ ಹಗುರ ಆಗಿದೆ. ಅದನ್ನೇ ಕೊಡಿ, ಒಳ್ಳೆದುಂಟು.’

‘ಅದಕ್ಕೇ ನಕಲಿ ಬೇಕಾಗೋದು’ ಎಂದು ಮೇಡಂ ನನಗೆ ಮಾತ್ರ ಕೇಳುವಂತೆ ಹೇಳಿದರು.

ಅಜ್ಜಿ ಇಡೀ ಸಭೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಮೇಡಂ ಅವರ ಪಕ್ಕ ಹೋಗಿ ಕೂತರು.

‘ನಿಮ್ಮ ನಾಲಿಗೆ ನಮಗೆ ಬೇಕು. ಮುಂದಿನ ಸಲ ನೀವು ಕುಡಿಯೋರಲ್ಲಿ ಬೇಡ. ಪರೀಕ್ಷೆ ಮಾಡೋರಲ್ಲಿ ಬನ್ನಿ.’

‘ಸೋತ ನಾಲಿಗೆ ಮೇಡಂ.’

‘ಸೋತದ್ದಕ್ಕೇ ಬೇಕು. ಈಗ ನೀವು ಜಾಗ್ರತೆ ಮಾಡ್ತೀರಿ.’

ಹೊಸ ನಕಲಿಯ ಕೆಲಸ ಆಗಸ್ಟಿನಲ್ಲಿ ಶುರುವಾಯಿತು. ಬೆಂಜೋಯೇಟ್ ಪೂರ್ತಿ ಹಾಕಿದರೆ ಚುರ್ ವಾಪಸು ಬರುತ್ತದೆ, ಹಾಕದಿದ್ದರೆ ಗಡ್ಡ ಬರುತ್ತದೆ. ಹದಿನಾಲ್ಕು ಬ್ಯಾಚು ಮಾಡಿ ಸೋತೆ. ಏಲಕ್ಕಿ, ಕರಿಬೇವು, ಏನೇನು ಹಾಕಿದರೂ ಕ್ಯಾಂಟೀನಿನ ಅಕ್ಕ ‘ಚುರ್’ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಮೇಡಂ ಬಂದು ಬಾಟಲಿಗಳ ಸಾಲು ನೋಡಿದರು.

‘ನೀವು ಯಾವಾಗಲೂ ನಕಲಿಯನ್ನೇ ತಿದ್ದುತ್ತಾ ಇದ್ದೀರಿ. ಅಸಲಿಯನ್ನ ಮುಟ್ಟಬಾರದು ಅಂತ ಯಾರು ಹೇಳಿದ್ದು?’

ಅಷ್ಟೇ. ಎರಡಕ್ಕೂ ಸಮನಾಗಿ ಬೆಂಜೋಯೇಟ್ ಹಾಕುವುದು, ಉಳಿದ ವ್ಯತ್ಯಾಸ ಮುಚ್ಚಲು ಎರಡಕ್ಕೂ ಸಮನಾಗಿ ಶುಂಠಿ, ಕರಿಮೆಣಸು, ಉಪ್ಪು ಬೆರೆಸುವುದು. ನಕಲಿ ಅಸಲಿಯಂತೆ ಇರಬೇಕಾಗಿಲ್ಲ. ಎರಡೂ ಒಂದೇ ಥರ ಇದ್ದರೆ ಸಾಕು. ಇಷ್ಟು ವರ್ಷ ನಾನು ಬೇರೆಯವರನ್ನು ಕಾಪಿ ಹೊಡೆದಿದ್ದೆನೇ ಹೊರತು, ಅವರನ್ನೇ ನನ್ನ ಕಡೆ ಎರಡು ಹೆಜ್ಜೆ ಕರೆತರಬಹುದೆಂದು ಹೊಳೆದಿರಲಿಲ್ಲ. ಕಂಡಕ್ಟರು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಹೊಸ ಬಾಟಲಿಗಳು ಹನ್ನೆರಡು ಅಜ್ಜಿಯ ಕಿಟಕಿಗೆ ಹೋದವು. ಈ ಸಲ ಪರೀಕ್ಷೆಯ ವಿಧಾನದಲ್ಲೇ ಬರೆದಿದ್ದೆ: ದಿನಕ್ಕೊಮ್ಮೆ ಮುಚ್ಚಳ ತೆರೆಯುವುದು, ತೊಳೆದ ಒದ್ದೆ ಚಮಚ ಅದ್ದುವುದು, ಐದು ವಾರ. ಅಜ್ಜಿ ಅದನ್ನು ಪೂಜೆಯಷ್ಟು ನಿಷ್ಠೆಯಿಂದ ಮಾಡಿದರು. ರೈಟರ್ ಅಂಕಲ್ ಬೇಲಿಯಾಚೆಯಿಂದ ಹಾಜರಿ ಪುಸ್ತಕದಲ್ಲಿ ದಿನವೂ ಗುರುತು ಹಾಕಿದರು: ಗಡ್ಡ ಇಲ್ಲ, ಗಡ್ಡ ಇಲ್ಲ, ಗಡ್ಡ ಇಲ್ಲ. ಅಷ್ಟು ಅಚ್ಚುಕಟ್ಟಾದ ದಾಖಲೆ ನಮ್ಮ ವಿಭಾಗದಲ್ಲಿ ಇನ್ನೊಂದಿಲ್ಲ.

ರುಚಿಯ ಪರೀಕ್ಷೆಯೂ ಅಲ್ಲೇ ಆಯಿತು, ಮೇಡಂ ನಿವೃತ್ತಿಯ ಹಿಂದಿನ ತಿಂಗಳಲ್ಲಿ. ಆರು ಲೋಟ, ಮೂರು ಅಸಲಿ, ಮೂರು ನಕಲಿ. ಯಾವುದು ಯಾವುದೆಂದು ಫಾರ್ಮಸಿಸ್ಟರಿಗೆ ಮಾತ್ರ ಗೊತ್ತು. ಅಜ್ಜಿ ಪ್ರತಿ ಲೋಟದ ನಡುವೆ ಬಾಯಿ ಮುಕ್ಕಳಿಸಿದರು. ಕಣ್ಣು ಮುಚ್ಚಿದರು. ಅರ್ಧ ಗಂಟೆ ಹಿಡಿಯಿತು. ನಾನು ಬಾಗಿಲ ಬಳಿ ನಿಂತು ಯಾರ ನಕಲೂ ಮಾಡದೆ ಕಾದೆ.

‘ಹೇಳಿ, ಅಜ್ಜಿ.’

‘ಎಂತ ಹೇಳುದು ಮೋನೆ. ಆರೂ ಒಂದೇ ಸಮ ಕೆಟ್ಟುಹೋಗಿವೆ. ಒಳ್ಳೆ ಹುಳಿಯನ್ನ ಕಷಾಯ ಮಾಡಿಬಿಟ್ಟಿರಿ.’

ಮೇಡಂ ಅದನ್ನು ಅಕ್ಷರಶಃ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಸಹಿ ಹಾಕಿದರು. ಈ ಸಲ ಓದಿಯೇ ಹಾಕಿದರು. ಎರಡು ಸಲ ಓದಿದರು.

ಡಿಸೆಂಬರ್ ಬಂತು, ಮೇಡಂ ಮನೆಗೆ ಹೋದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಒತ್ತಾಯಿಸಿದ್ದರಿಂದ ಅವರ ಎದುರಿಗೇ ಅವರ ನಕಲು ಮಾಡಿದೆ. ಅವರು ಹಣೆಯ ಮೇಲಿದ್ದ ಕನ್ನಡಕವನ್ನು ಸದ್ದಿಲ್ಲದೆ ಕೆಳಗಿಳಿಸಿಕೊಂಡರು.

ಹೊಸ ಹಣ್ಣಿನ ಹುಳಿ ಬಂದು, ನೈತಿಕ ಸಮಿತಿ ಒಪ್ಪಿದ ಮೇಲೆ ಹೊಸ ಅಧ್ಯಯನ ಜನವರಿಯಲ್ಲಿ ನಾಪೋಕ್ಲು ಕಡೆ ಶುರುವಾಯಿತು. ಅದರ ಮುಖ್ಯಸ್ಥರು ಬೇರೆಯವರು. ಮೇಡಂ ಹೆಸರು ಸಲಹೆಗಾರರ ಸಾಲಿನಲ್ಲಿ. ಮೊದಲ ತಿಂಗಳ ಬಾಟಲಿಗಳು ವಾಪಸು ಬಂದ ದಿನ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಕಪ್ಪು, ಎಲ್ಲವೂ ಸ್ವಚ್ಛ, ಎಲ್ಲವೂ ಶುಂಠಿ ವಾಸನೆ. ಸಂಜೆ ಮೇಡಂಗೆ ಫೋನ್ ಮಾಡಿದೆ. ಅಳೆದದ್ದು, ಎಷ್ಟು ಉಳಿದಿದೆ, ಯಾರು ಎರಡು ದಿನ ತಪ್ಪಿಸಿದರು, ಎಲ್ಲ ಹೇಳಿದೆ.

‘ಗೊತ್ತಿರೋದು ಆಯ್ತು. ಗೊತ್ತಿಲ್ಲದ್ದು ಏನು?’

‘ಯಾರ ಬಾಟಲಿಯಲ್ಲಿ ಯಾವುದಿದೆ ಅಂತ, ಮೇಡಂ. ಒಂದು ಬಾಟಲಿಯದೂ ಗೊತ್ತಿಲ್ಲ.’



‘ಹ್ಞೂಂ...’ ಎಂದರು.

ಅದು ನಾನು ಮಾಡುವಷ್ಟೇ ಉದ್ದವಿತ್ತು. ನಾನು ತಿದ್ದಲು ಹೋಗಲಿಲ್ಲ.